ನಾವು ಹಿಡಿದ ಮೊಲಕ್ಕೆ ಹದಿನೆಂಟು ಉಗುರು

'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆದರೆ ರೂಮಲ್ಲಿ ಮೊಲ ಸಾಕುವ ನಮ್ಮಂಥ ವಿದ್ಯಾರ್ಥಿಗಳು ಕಾಲಿನ ಲೆಕ್ಕಕ್ಕಿಂತ ಮೊದಲು ಉಗುರಿನ ಲೆಕ್ಕ ಕಲಿಯಬೇಕು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18. ಮುಂಗಾಲಿನ ಐದನೆಯದು ಒಳಬದಿಯಲ್ಲಿ, ಕೂದಲ ನಡುವೆ ಅಡಗಿರುತ್ತೆ. ಈ 18 ಉಗುರು ಕತ್ತರಿಸೋಕೆ, ಮೈ ಬಾಚೋಕೆ ಪುರುಸೊತ್ತಿಲ್ಲ ಅನ್ನೋರು ಮೊಲ ತರಲೇಬಾರದು ಅನ್ನೋದು ನಮ್ಮ ವಾದ.

ಮಲೆನಾಡಿನ ಕಾಡುಮೊಲಕ್ಕೆ ಯಾರು ಉಗುರು ಕತ್ತರಿಸ್ತಾರೆ ಮಾರಾಯ್ರೆ ಅಂತ ಕೇಳಬಹುದು. ಅದು ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹಿಡಿದು ಸಾಕೋ ಹಾಗಿಲ್ಲ. ಅಂಗಡಿಯಲ್ಲಿ ಸಿಗೋ ಮೊಲ ಯುರೋಪಿನ ಬಿಲದ ಮೊಲದ ವಂಶದ್ದು. ಅದರ ಹಿರಿಯರು ಮಣ್ಣು ಅಗೆದು, ಓಡಾಡಿ ಉಗುರು ಸವೆಸಿಕೊಳ್ಳುತ್ತಿದ್ದವು. ಕೋಟೆ ಕಡೆಯ ಬಾಡಿಗೆ ರೂಮಿನ ನುಣುಪು ಟೈಲ್ಸ್ ಮೇಲೆ ಏನು ಸವೆಯುತ್ತೆ? ಮಣ್ಣು ಮಾಡುತ್ತಿದ್ದ ಕೆಲಸವನ್ನು ತಪ್ಪಿಸಿದವರು ನಾವು, ಹಾಗಾಗಿ ಆ ಕೆಲಸ ಈಗ ನಮ್ಮ ಕೈಗೆ ಬಂದಿದೆ. ಮಾಡದಿದ್ದರೆ ಉಗುರು ಬೆಡ್‌ಶೀಟಿಗೋ ಪಂಜರದ ತಂತಿಗೋ ಸಿಕ್ಕಿ ಕಿತ್ತು ಬರುತ್ತೆ. ಬೆರಳು ಸೊಟ್ಟಗಾಗುತ್ತೆ, ಭಾರವೆಲ್ಲ ಹಿಮ್ಮಡಿಗೆ ಬಿದ್ದು ಹುಣ್ಣಾಗುತ್ತೆ.

ಕೆಲಸ ಕಷ್ಟದ್ದಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಇಬ್ಬರು ಕೂರಬೇಕು, ಒಬ್ಬರು ಹಿಡಿಯೋಕೆ, ಇನ್ನೊಬ್ಬರು ಕತ್ತರಿಸೋಕೆ. ಕಿವಿ ಹಿಡಿದು ಎತ್ತಬೇಡಿ. ಟವೆಲ್ ಸುತ್ತಿ, ಹಿಂಗಾಲಿಗೆ ಕೈ ಆಸರೆ ಕೊಡಿ. ಮೊಲದ ಮೂಳೆ ಹಗುರ, ಹಿಂಗಾಲಿನ ಸ್ನಾಯು ಬಲು ಜೋರು. ಒಮ್ಮೆ ಒದ್ದುಕೊಂಡರೆ ಬೆನ್ನುಮೂಳೆಯೇ ಮುರಿಯಬಹುದು. ಅಂಗಾತ ಮಲಗಿಸಿದರೆ ಸುಮ್ಮನಿರುತ್ತೆ ಅಂತ ರೀಲ್ಸ್‌ನಲ್ಲಿ ತೋರಿಸ್ತಾರೆ. ಅದು ಸುಮ್ಮನಾಗೋದು ಭಯಕ್ಕೆ. ಮೊಬೈಲ್ ಟಾರ್ಚನ್ನು ಉಗುರಿನ ಹಿಂದೆ ಹಿಡಿದರೆ ಒಳಗಿನ ರಕ್ತನಾಳ ಕಾಣುತ್ತೆ. ಅದಕ್ಕಿಂತ ಎರಡು ಮಿ.ಮೀ. ಮುಂದೆಯೇ ನಿಲ್ಲಿಸಿ. ಕಪ್ಪು ಉಗುರಾದರೆ ತುದಿ ಮಾತ್ರ ತೆಗೆಯಿರಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಹತ್ತಿಯಿಂದ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಒಂದೇ ದಿನ ಎಲ್ಲ ಮುಗಿಸಬೇಕೆಂದೇನಿಲ್ಲ, ದಿನಕ್ಕೊಂದು ಕಾಲು ಮಾಡಿದರೂ ಸಾಕು.

ಬಾಚೋದು ವಾರಕ್ಕೊಮ್ಮೆ, ಕೂದಲು ಉದುರುವ ಕಾಲದಲ್ಲಿ ದಿನಾ. ಮೊಲ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತೆ, ಆದರೆ ಅದಕ್ಕೆ ವಾಂತಿ ಮಾಡೋಕೆ ಬರಲ್ಲ. ನುಂಗಿದ ಕೂದಲು ಹೊರಗೆ ಹೋಗಬೇಕಾದರೆ ಹೊಟ್ಟೆಗೆ ಹುಲ್ಲು ಬೀಳುತ್ತಲೇ ಇರಬೇಕು. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಅದು ತುರ್ತು, ನಾಳೆ ನೋಡೋಣ ಅನ್ನೋದಲ್ಲ. ಸೆಕೆ ಅಂತ ಬಕೆಟ್‌ನಲ್ಲಿ ಸ್ನಾನ ಮಾಡಿಸಬೇಡಿ, ಗಾಬರಿಗೂ ಚಳಿಗೂ ಪ್ರಾಣ ಹೋಗಬಹುದು. ಕೊಳೆಯಾದ ಜಾಗ ಒರೆಸಿದರೆ ಸಾಕು. ನಾಯಿಯ ಉಣ್ಣೆಗೆ ಹಾಕುವ ಫಿಪ್ರೋನಿಲ್ ಔಷಧ ಮೊಲಕ್ಕೆ ವಿಷ.

'ದುಡ್ಡೆಲ್ಲಿದೆ' ಅನ್ನೋರಿಗೆ: ನೇಲ್ ಕಟರ್, ಹಳೇ ಟವೆಲ್, ಒಂದು ಚಮಚ ಕಾರ್ನ್‌ಫ್ಲೋರ್ ಇದ್ದರೆ ಆಯ್ತು. 'ಟೈಮೆಲ್ಲಿದೆ' ಅನ್ನೋರಿಗೆ: ಒಂದು ಲ್ಯಾಬ್ ರೆಕಾರ್ಡ್ ಬರೆಯೋಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. 'ಹೆದರಿಕೆ ಆಗುತ್ತೆ' ಅನ್ನೋ ಮಾತು ಮಾತ್ರ ನಾವೂ ಒಪ್ತೀವಿ. ಶಿವಮೊಗ್ಗದ ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಭದ್ರಾವತಿಯಿಂದ ಬರೋರಿಗೂ ದೂರವೇನಲ್ಲ. ಮೊದಲ ಸಲ ಬಲ್ಲವರ ಕೈಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯೋದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಕೋರ್ಸು ನಾಲ್ಕು ವರ್ಷ, ಚೆನ್ನಾಗಿ ನೋಡಿಕೊಂಡ ಮೊಲದ ಆಯಸ್ಸು ಎಂಟು-ಹತ್ತು ವರ್ಷ. ಪ್ಲೇಸ್‌ಮೆಂಟ್ ಆದ ಮೇಲೆ ತುಂಗೆಯ ದಂಡೆಯಲ್ಲಿ ಬಿಟ್ಟು ಬಂದರೆ ಅದಕ್ಕೆ ಸ್ವಾತಂತ್ರ್ಯ ಸಿಗಲ್ಲ, ಬೀದಿನಾಯಿ ಸಿಗುತ್ತೆ. ಹಾಗಾಗಿ ಮೊಲ ತರುವ ಮೊದಲು ಮೂರು ಹೆಸರು ಗಟ್ಟಿ ಮಾಡಿಕೊಳ್ಳಿ: ಹಿಡಿಯೋರು ಯಾರು, ಕತ್ತರಿಸೋರು ಯಾರು, ಕಾಲೇಜು ಮುಗಿದ ಮೇಲೆ ಮನೆಗೆ ಒಯ್ಯೋರು ಯಾರು? ಒಂದು ಹೆಸರು ಖಾಲಿ ಉಳಿದರೂ ಪಂಜರ ಕೊಳ್ಳಬೇಡಿ.