ಛಲದ ಕತೆಯಲ್ಲಿ ಕಾಣೆಯಾದವರು

ಅಂಧ ಓಟಗಾರರನ್ನು ನಾವು ಮೈದಾನದಲ್ಲಿ ನೋಡುವುದಕ್ಕಿಂತ ವೇದಿಕೆಯ ಮೇಲೆ ನೋಡುವುದೇ ಹೆಚ್ಚು. ಕಾಲೇಜಿನ ವಾರ್ಷಿಕೋತ್ಸವವಿರಲಿ, ಕಂಪನಿಯ ಕಾರ್ಯಾಗಾರವಿರಲಿ, ಅವರ ಬಾಯಿಂದ ನಾವು ಕೇಳಬಯಸುವುದು ಒಂದೇ ಮಾತು: ಮನಸ್ಸಿದ್ದರೆ ಮಾರ್ಗ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಮರೆತರೆ ಮುಂದೆ ಓಡಬೇಕಾದವರಿಗೆ ಅನ್ಯಾಯವಾಗುತ್ತದೆ.

ಮೂಡಿಗೆರೆ ತಾಲ್ಲೂಕಿನ ರಕ್ಷಿತಾ ರಾಜು ಅವರನ್ನೇ ನೋಡಿ. ಹುಟ್ಟಿನಿಂದ ದೃಷ್ಟಿಯಿಲ್ಲ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು, ಸಾಕಿದವರು ಅಜ್ಜಿ. ಓದಿದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ. ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ 2018ರಲ್ಲಿ ಜಕಾರ್ತಾದಲ್ಲೂ 2023ರಲ್ಲಿ ಹಾಂಗ್‌ಝೌನಲ್ಲೂ ಚಿನ್ನ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಆ ದೂರ ಓಡಿದ ಭಾರತದ ಮೊದಲ ಅಂಧ ಮಹಿಳೆಯಾದರು. ಇಷ್ಟು ಕೇಳಿದವರು ಆಕೆಯ ಛಲಕ್ಕೆ ಚಪ್ಪಾಳೆ ತಟ್ಟುತ್ತಾರೆ, ತಟ್ಟಲೇಬೇಕು. ಆದರೆ ಆ ಟ್ರ್ಯಾಕಿನಲ್ಲಿ ಆಕೆಯ ಪಕ್ಕಕ್ಕೇ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಇನ್ನೊಬ್ಬರು ಓಡುತ್ತಿದ್ದರು: ಗೈಡ್ ರನ್ನರ್ ರಾಹುಲ್ ಬಾಲಕೃಷ್ಣ.

ಪೂರ್ತಿ ಇಲ್ಲವೇ ಬಹುತೇಕ ದೃಷ್ಟಿಯಿಲ್ಲದವರ ಟಿ11 ವಿಭಾಗದಲ್ಲಿ ಓಟಗಾರರ ಕಣ್ಣಿಗೆ ಕಪ್ಪು ಪಟ್ಟಿ, ಪಕ್ಕದಲ್ಲಿ ಗೈಡ್. ಇಬ್ಬರ ಕೈಯನ್ನೂ ಗಿಡ್ಡದೊಂದು ದಾರ ಜೋಡಿಸಿರುತ್ತದೆ. ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಮುಕ್ತಾಯದ ಗೆರೆಯನ್ನು ತಾನು ಮೊದಲು ದಾಟುವಂತಿಲ್ಲ. ತಿರುವು ಎಲ್ಲಿ, ಹಿಂದಿನವರು ಎಷ್ಟು ಹತ್ತಿರ ಬಂದರು, ಯಾವಾಗ ವೇಗ ಕೂಡಿಸಬೇಕು ಎಂಬುದನ್ನೆಲ್ಲ ಓಡುತ್ತಲೇ ಹೇಳಬೇಕು. ಹಾಗಾಗಿ ಆತ ಓಟಗಾರರಿಗಿಂತ ಚುರುಕಾಗಿರಬೇಕು, ಮಾತಾಡುವಷ್ಟು ಉಸಿರು ಉಳಿಸಿಕೊಂಡಿರಬೇಕು. ಕೈಬೀಸು ಹೊಂದುವವರೆಗೆ ಇಬ್ಬರೂ ದಿನವೂ ಜೊತೆಗೇ ಓಡಬೇಕು. ಅಷ್ಟು ಓಡಬಲ್ಲವನು ತನ್ನ ಸ್ವಂತ ಸ್ಪರ್ಧೆಗಳನ್ನು ಬದಿಗಿಟ್ಟೇ ಈ ಕೆಲಸಕ್ಕೆ ಬರುತ್ತಾನೆ. ಅದೇ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಮೂರನೆಯವರಾಗಿ ಬರುತ್ತಿದ್ದ ಸ್ಪೇನಿನ ಎಲೆನಾ ಕಾಂಗೋಸ್ಟ್, ಸ್ನಾಯುಸೆಳೆತದಿಂದ ಕುಸಿಯುತ್ತಿದ್ದ ತಮ್ಮ ಗೈಡನ್ನು ಹಿಡಿಯಲು ಗೆರೆಯ ಬಳಿ ಕ್ಷಣಮಾತ್ರ ದಾರ ಬಿಟ್ಟದ್ದಕ್ಕೆ ಅನರ್ಹರೆನಿಸಿದರು. ನಿಯಮ ಅಷ್ಟು ಕಠಿಣವಾಗಿರಬೇಕೇ ಎಂಬ ಚರ್ಚೆ ಬೇರೆ. ಆದರೆ ಆ ನಿಯಮ ಇಬ್ಬರ ಓಟವನ್ನು ಒಂದೇ ಓಟವೆಂದು ಎಣಿಸುತ್ತದೆ. ಗೆದ್ದರೆ ಗೈಡ್‌ಗೂ ಪದಕವಿದೆ. ನಮ್ಮ ಭಾಷಣಗಳು ಒಬ್ಬರ ಕತೆಯನ್ನಷ್ಟೇ ಹೇಳುತ್ತವೆ.

ಭಾಷಣವೇ ಬೇಡವೆನ್ನುತ್ತಿಲ್ಲ. ಬಿದ್ದೀತು ಎಂಬ ಭಯದಿಂದ ಮಗುವನ್ನು ಹೊಸಿಲು ದಾಟಲು ಬಿಡದ ತಂದೆತಾಯಿ ಅದನ್ನು ಕೇಳಲೇಬೇಕು. ಆದರೆ ಛಲವೊಂದೇ ಸಾಕೆಂದು ಕೇಳಿಹೋದ ಮಗು, ಜೊತೆಗೆ ಓಡುವವರು ಸಿಗದೆ ನಿಂತುಹೋದಾಗ, ತನ್ನ ಛಲವೇ ಸಾಲದೆಂದು ತನ್ನನ್ನು ದೂರಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಗೈಡ್‌ಗಳಿಗೆ ನಿಗದಿತ ಸಂಬಳ, ಊಟ, ವಸತಿ, ಮುಂದೊಂದು ನೌಕರಿಯ ಭರವಸೆ ಸರ್ಕಾರದಿಂದ ಸಿಗಬೇಕು. ಉಳಿದದ್ದು ನಮ್ಮ ಕೈಯಲ್ಲೇ ಇದೆ. ರಕ್ಷಿತಾ ಪಳಗಿದ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರವಿರುವ ಬೆಂಗಳೂರಿನ ಜ್ಞಾನಭಾರತಿ ಕೆಂಗೇರಿಗೂ ವಿಜಯನಗರಕ್ಕೂ ದೂರವಲ್ಲ. ಅಲ್ಲಿನ ಮರಗಳ ನಡುವಿನ ರಸ್ತೆಗಳಲ್ಲಿ ಬೆಳಿಗ್ಗೆ ಓಡುವವರಿಗೆ ಬರವಿಲ್ಲ. ನೀವೂ ಅವರಲ್ಲೊಬ್ಬರಾಗಿದ್ದರೆ, ಹತ್ತಿರದ ಅಂಧ ಮಕ್ಕಳ ಶಾಲೆಗೆ ಹೋಗಿ ಪಿ.ಟಿ. ಮಾಸ್ಟರನ್ನು ಕೇಳಿ: ವಾರಕ್ಕೆರಡು ಬೆಳಿಗ್ಗೆ ಬರುತ್ತೇನೆ, ಯಾರ ಜೊತೆ ಓಡಲಿ?