ಗುರುತಿನ ಅಂಕೆ, ಅಳತೆಯ ಅಂಕೆ

ಹಾಜರಿ ಪುಸ್ತಕದಲ್ಲಿ 40ನೇ ನಂಬರಿನ ಹುಡುಗ 20ನೇ ನಂಬರಿನ ಹುಡುಗಿಗಿಂತ ಎರಡು ಪಟ್ಟು ಜಾಣನೇ? ಅಲ್ಲ. ಅದು ಬರೀ ಗುರುತು. ಇದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು ಕಂಪ್ಯೂಟರಿಗೆ! ಮಿದುಳಿನ ಚಿತ್ರಗಳ ಲೆಕ್ಕ ಹಾಕುವವರು ಕೆಲವೊಮ್ಮೆ ಎಡವುವುದು ಇಲ್ಲಿಯೇ.

ಎಂ.ಆರ್.ಐ. ಯಂತ್ರ ತೆಗೆದ ಮಿದುಳಿನ ಚಿತ್ರ ಪುಟ್ಟ ಪುಟ್ಟ ಘನಗಳಿಂದ ಕೂಡಿರುತ್ತದೆ. ಇವಕ್ಕೆ 'ವಾಕ್ಸೆಲ್' ಎಂದು ಹೆಸರು. ಘನದ ಅಂಚು 2 ಮಿಲಿಮೀಟರ್ ಆದರೆ ಇಡೀ ಮಿದುಳಿಗೆ ಒಂದು ಲಕ್ಷಕ್ಕೂ ಹೆಚ್ಚು ಘನಗಳು. ರೋಗಿಗಳಿಗೂ ಆರೋಗ್ಯವಂತರಿಗೂ ವ್ಯತ್ಯಾಸವಿದೆಯೇ ಎಂದು ಒಂದೊಂದು ಘನದಲ್ಲೂ ಪರೀಕ್ಷಿಸಬೇಕು. ಈ ಕೆಲಸಕ್ಕೆ ಹೆಸರಾದ ತಂತ್ರಾಂಶ 'ಎಸ್‌ಪಿಎಂ'. ಲಂಡನ್ನಿನಲ್ಲಿ ಕಾರ್ಲ್ ಫ್ರಿಸ್ಟನ್ ರೂಪಿಸಿದ ಇದು 1991ರಲ್ಲಿ ಇತರ ವಿಜ್ಞಾನಿಗಳ ಕೈಸೇರಿತು.

ವಯಸ್ಸಾದಂತೆ ಮಿದುಳು ಕುಗ್ಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ವಯಸ್ಸನ್ನೂ ಒಂದು ಕಾಲಂನಲ್ಲಿ ಬರೆದು ಅದರ ಪ್ರಭಾವವನ್ನು ಬೇರ್ಪಡಿಸುತ್ತಾರೆ. ವಯಸ್ಸು ಅಳತೆಯ ಅಂಕೆ. 60 ಎಂಬುದು 30ರ ಎರಡು ಪಟ್ಟು. ತೊಂದರೆಯಿಲ್ಲ.

ಆದರೆ ಚಿತ್ರಗಳು ಮೂರು ಆಸ್ಪತ್ರೆಗಳಿಂದ ಬಂದಿದ್ದರೆ? ಯಂತ್ರದಿಂದ ಯಂತ್ರಕ್ಕೆ ಚಿತ್ರ ಕೊಂಚ ಬೇರೆಯಾಗುವುದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಆಸ್ಪತ್ರೆಗಳಿಗೆ 1, 2, 3 ಎಂದು ಕೊಟ್ಟು ಒಂದೇ ಕಾಲಂನಲ್ಲಿ ತುಂಬಿದರೆ ಕಂಪ್ಯೂಟರ್ ಅದನ್ನೂ ಅಳತೆಯೆಂದೇ ನಂಬುತ್ತದೆ. ಒಂದರಿಂದ ಎರಡಕ್ಕೆ ಎಷ್ಟು ಅಂತರವೋ ಎರಡರಿಂದ ಮೂರಕ್ಕೂ ಅಷ್ಟೇ ಎಂದು ನೇರ ಗೆರೆ ಎಳೆಯುತ್ತದೆ. ನಂಬರುಗಳನ್ನು ಅದಲು ಬದಲು ಮಾಡಿದರೆ ಉತ್ತರವೂ ಬದಲಾಗುತ್ತದೆ!

ಪರಿಹಾರ ಸರಳ. ಮೊದಲ ಆಸ್ಪತ್ರೆಗೊಂದು, ಎರಡನೆಯದಕ್ಕೊಂದು ಕಾಲಂ. ಅಲ್ಲಿಯವರಾದರೆ 1, ಅಲ್ಲದಿದ್ದರೆ 0. ಎರಡರಲ್ಲೂ 0 ಇದ್ದವರು ಮೂರನೆಯ ಆಸ್ಪತ್ರೆಯವರೆಂದು ತಾನಾಗಿಯೇ ತಿಳಿಯುತ್ತದೆ. ಗಂಡು, ಹೆಣ್ಣು ಎಂಬಂತೆ ಎರಡೇ ವರ್ಗಗಳಿದ್ದರೆ ಒಂದೇ ಕಾಲಂ ಸಾಕು. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದರೆ ತಪ್ಪೇನಿಲ್ಲ.

ಇಷ್ಟಾದರೂ ಒಂದು ಎಚ್ಚರಿಕೆ ಬೇಕು. ರೋಗಿಗಳೆಲ್ಲ ಒಂದು ಆಸ್ಪತ್ರೆಯಲ್ಲಿ, ಆರೋಗ್ಯವಂತರೆಲ್ಲ ಇನ್ನೊಂದರಲ್ಲಿ ಚಿತ್ರ ತೆಗೆಸಿಕೊಂಡಿದ್ದರೆ, ಕಂಡ ವ್ಯತ್ಯಾಸ ರೋಗದ್ದೋ ಯಂತ್ರದ್ದೋ ಎಂದು ಯಾವ ತಂತ್ರಾಂಶವೂ ಹೇಳಲಾರದು. ಯಂತ್ರದ ದೋಷವನ್ನೇ ರೋಗದ ಲಕ್ಷಣವೆಂದು ಸಾರಿದರೆ ಮುಂದಿನ ಸಂಶೋಧನೆಯೂ ದಾರಿ ತಪ್ಪುತ್ತದೆ. ಎರಡೂ ಗುಂಪಿನವರನ್ನು ಎರಡೂ ಕಡೆ ಹಂಚುವ ಯೋಚನೆ ಮೊದಲೇ ಆಗಬೇಕು.

ಕೂಡಿಸಿ ಕಳೆಯುವುದನ್ನು ಕಂಪ್ಯೂಟರ್ ಮಾಡೀತು. ಯಾವ ಅಂಕೆಯನ್ನು ಕೂಡಿಸಬಹುದು, ಯಾವುದನ್ನು ಕೂಡದು ಎಂದು ತಿಳಿಯುವುದು ಮಾತ್ರ ಕಲಿತವರ ಕೆಲಸ.