ಎಡಗೈ ಕೊಡೋದನ್ನ ಕಲಿಸೋಣ



ಹೋದ ತಿಂಗಳು ಹಾಸ್ಟೆಲ್ ವಾರ್ಡನ್ ಒಬ್ಬರು ಫೋನ್ ಮಾಡಿದ್ರು. "ಸಾರ್, ಭಾನುವಾರ ನಮ್ಮ ಹುಡುಗ್ರು ಮೊಬೈಲ್ ಹಿಡಕೊಂಡು ಮೂಲೆ ಸೇರ್ತಾರೆ. ಒಂದು ಸ್ಕೌಟ್ ದಳ ಶುರು ಮಾಡೋಣ ಅಂತಿದ್ದೀನಿ. ಏನೇನು ಮಾಡಿಸ್ಬೇಕು, ಸಾಮಾನು ಎಲ್ಲಿಂದ ತರ್ಬೇಕು, ಒಂದು ಪ್ಲಾನ್ ಹಾಕಿಕೊಡಿ" ಅಂದ್ರು. ಸರಿ ಅಂದೆ. ಆದರೆ ಪೆನ್ನು ಹಿಡಿದು ಕೂತಾಗ ಮೊದಲು ನೆನಪಾಗಿದ್ದು ಪ್ಲಾನ್ ಅಲ್ಲ, ಪಾತ್ರೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಸ್ಕೌಟ್ ಕ್ಯಾಂಪಿಗೆ ಹೋಗಿದ್ದೆ. ಮೂರು ದಿನ. ಬೇರೆ ಹುಡುಗರು ಒಂದೊಂದು ಹೊತ್ತು ಒಂದೊಂದು ಕೆಲಸ ಬದಲಾಯಿಸಿಕೊಂಡರು: ಅಡುಗೆ, ಸೌದೆ, ಟೆಂಟ್. ನಮ್ಮ ಕೇರಿಯ ಇಬ್ಬರಿಗೆ ಮಾತ್ರ ಮೂರು ದಿನವೂ ಪಾತ್ರೆ ತೊಳೆಯೋದು. ಅದೂ ಊಟ ಆದ ಮೇಲಿನ ಎಂಜಲು ತಟ್ಟೆ, ಅಡುಗೆ ಪಾತ್ರೆ ಮುಟ್ಟುವ ಹಾಗಿಲ್ಲ. ಯಾರೂ ಬೈಯಲಿಲ್ಲ. ಎಲ್ಲ ನಗುನಗುತ್ತಲೇ ನಡೀತು. ಸ್ಕೌಟ್ ಎಲ್ಲರಿಗೂ ಗೆಳೆಯ ಅನ್ನೋ ನಿಯಮವನ್ನು ದಿನಾ ಸಂಜೆ ಗಟ್ಟಿಯಾಗಿ ಹೇಳಿಸ್ತಿದ್ರು.

ಹಾಗಂತ ಸ್ಕೌಟೇ ಬೇಡ ಅನ್ನೋಣವಾ? ನಮ್ಮ ಸಂಗಾತಿಗಳು ಕೆಲವರು ಹಾಗೇ ಅಂತಾರೆ. "ಅದು ಬ್ರಿಟಿಷ್ ಸೈನ್ಯಾಧಿಕಾರಿ ಕಟ್ಟಿದ್ದು, ಸಲ್ಯೂಟು, ಡ್ರಿಲ್ಲು, ನಮಗ್ಯಾಕೆ?" ಅಂತ. ಮಾತು ಪೂರ್ತಿ ಸುಳ್ಳಲ್ಲ. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದ. 1909ರಲ್ಲಿ ನಮ್ಮ ಬೆಂಗಳೂರಲ್ಲೇ ಕ್ಯಾಪ್ಟನ್ ಬೇಕರ್ ದಳ ಶುರು ಮಾಡಿದಾಗ ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಭಾರತೀಯ ಮಕ್ಕಳಿಗೆ ಬಾಗಿಲು ಹಾಕಿತ್ತು. ಆಗ ಇಲ್ಲಿನವರು ಏನು ಮಾಡಿದ್ರು? ಬಾಗಿಲ ಮುಂದೆ ಅಳುತ್ತಾ ಕೂರಲಿಲ್ಲ. ಆನಿ ಬೆಸೆಂಟ್, ಮಾಲವೀಯ, ಕುಂಜ್ರು ಮುಂತಾದವರು ತಮ್ಮದೇ ದಳ ಕಟ್ಟಿಕೊಂಡರು. 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ಮೇಲ್ಜಾತಿಯವರು ಬಿಳಿಯರ ಹತ್ರ ಹಕ್ಕು ಕೇಳಿ ಪಡೆದ ಹಾಗೆ ನಾವೂ ಪಡೆಯೋಣ. ಬಾಬಾಸಾಹೇಬರು ಸೂಟು ಹಾಕಿದ್ದು ಬ್ರಿಟಿಷರನ್ನ ಮೆಚ್ಚಿಸೋಕಲ್ಲವಲ್ಲ.

ಇನ್ನೊಂದು ಕಹಿ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಮಕ್ಕಳಿಗೆ ಏನು ಕೊಟ್ಟಿದ್ದೀವಿ? ಶಾಮಿಯಾನ, ಮೈಕು, ಎರಡು ಗಂಟೆ ಭಾಷಣ. ಏಪ್ರಿಲ್ 14ಕ್ಕೆ ಬಿಸಿಲಲ್ಲಿ ಮುಂದಿನ ಸಾಲಲ್ಲಿ ಕೂರಿಸ್ತೀವಿ. ನಮ್ಮ ಮಾತು ಮುಗಿಯೋ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರ್ತಾರೆ. ಅದೇ ಕೇರಿಯ ಪಕ್ಕದ ಮೈದಾನದಲ್ಲಿ ಬೇರೆಯವರು ದಿನಾ ಸಂಜೆ ಆಟ ಆಡಿಸ್ತಾರೆ. ಮಕ್ಕಳು ಸಿದ್ಧಾಂತ ನೋಡಿ ಹೋಗಲ್ಲ, ಆಟ ಎಲ್ಲಿದೆಯೋ ಅಲ್ಲಿಗೆ ಹೋಗ್ತಾರೆ. ಆಮೇಲೆ ಮಗು ಕೈ ತಪ್ಪಿತು ಅಂತ ಪೋಸ್ಟ್ ಹಾಕಿದರೆ ಪ್ರಯೋಜನ ಇಲ್ಲ.

ಇನ್ನು ಪ್ಲಾನಿಗೆ ಬರ್ತೀನಿ. ಸಂಪನ್ಮೂಲ ಎಲ್ಲಿದೆ ಅಂತ ವಾರ್ಡನ್ ಕೇಳಿದ್ರಲ್ಲ, ನನ್ನ ಉತ್ತರ: ಮೊದಲು ಕೇರಿಯಲ್ಲಿ ಹುಡುಕಿ.

ಸ್ಕೌಟ್ ಪುಸ್ತಕದಲ್ಲಿ ರೀಫ್ ನಾಟ್, ಕ್ಲೋವ್ ಹಿಚ್ ಅಂತ ಗಂಟುಗಳಿವೆ. ಚಿತ್ರ ನೋಡಿ ಕಲಿಯೋಕೆ ಕಷ್ಟ. ದನ ಕಟ್ಟಿದ, ಹೊರೆ ಬಿಗಿದ, ಏತದ ಹಗ್ಗ ಎಳೆದ ನಮ್ಮ ತಾತಂದಿರಿಗೆ ಆ ಗಂಟು ಕೈಯಲ್ಲೇ ಇದೆ, ಹೆಸರು ಬೇರೆ ಅಷ್ಟೆ. ಒಬ್ಬ ತಾತನನ್ನ ಕರೆಸಿ, ಕುರ್ಚಿ ಹಾಕಿ ಕೂರಿಸಿ, ಮೇಷ್ಟ್ರೇ ಅಂತ ಮಕ್ಕಳ ಕೈಲಿ ಕರೆಸಿ. ಸೊಪ್ಪಿನ ಗುರುತು ಹೇಳೋಕೆ ಒಬ್ಬ ಅಜ್ಜಿ ಬರಲಿ. ತಮಟೆಯಲ್ಲಿ ಸಂಕೇತ ಕಳಿಸೋ ಆಟ ಆಡಿಸಬಹುದು. ಆದರೆ ಅದಕ್ಕೊಂದು ಷರತ್ತು: ಎಲ್ಲ ಜಾತಿಯ ಮಕ್ಕಳೂ ತಮಟೆ ಹಿಡೀಬೇಕು. ಒಂದೇ ಕೇರಿಯ ಮಕ್ಕಳಿಗೆ ಕೊಟ್ಟರೆ ಅದು ಕಲೆಯಲ್ಲ, ಹಳೇ ಬಿಟ್ಟಿ ಚಾಕರಿ.

ಪ್ರಥಮ ಚಿಕಿತ್ಸೆಗೆ ಪಿಎಚ್‌ಸಿ ನರ್ಸ್ ಇದ್ದಾರೆ. ಬೆಂಕಿ ಆರಿಸೋದನ್ನ ತೋರಿಸಿ ಅಂತ ಅಗ್ನಿಶಾಮಕ ಠಾಣೆಗೆ ಒಂದು ಅರ್ಜಿ ಬರೀರಿ. ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಅರ್ಜಿ ಬರೆಯೋದು ನನ್ನ ದಿನನಿತ್ಯದ ಕೆಲಸ, ನಮೂನೆ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ನಕ್ಷೆ ಬರೆಯೋದು ಸ್ಕೌಟ್‌ನ ಮುಖ್ಯ ಪಾಠ. ಕಾಡು ಬೆಟ್ಟಕ್ಕೇ ಹೋಗ್ಬೇಕಿಲ್ಲ. ದಿಕ್ಸೂಚಿ ಹಿಡಿದು ತಮ್ಮ ಊರನ್ನೇ ಸುತ್ತಲಿ. ನಲ್ಲಿ ನೀರು ಯಾವ ಬೀದಿಗೆ ಮೊದಲು ಬರುತ್ತೆ, ಚರಂಡಿ ಎಲ್ಲಿ ನಿಲ್ಲುತ್ತೆ, ದಲಿತರ ಸ್ಮಶಾನಕ್ಕೆ ದಾರಿ ಇದೆಯಾ, ಹೆಜ್ಜೆ ಎಣಿಸಿ ಗುರುತು ಹಾಕಲಿ. ಇಲ್ಲದ್ದು ಕಂಡರೆ ದೊಡ್ಡವರು ಆ ನಕ್ಷೆ ಲಗತ್ತಿಸಿ ಪಂಚಾಯಿತಿಗೆ ಮನವಿ ಕೊಡೋಣ. ಮಕ್ಕಳನ್ನ ಜಗಳದ ಮುಂದೆ ನಿಲ್ಲಿಸೋದು ಬೇಡ.

ತಾರೀಖುಗಳೂ ನಮ್ಮ ಹತ್ರ ಇವೆ. ಜನವರಿ 3 ಸಾವಿತ್ರಿಬಾಯಿ ಜಯಂತಿಗೆ ಹುಡುಗಿಯರ ಗೈಡ್ ದಳ ಶುರು ಮಾಡಿ, ನಡೆಸೋಕೆ ಮಹಿಳೆಯೇ ಇರಲಿ. ಮಾರ್ಚ್ 20 ಮಹಾಡ್ ದಿನ, ಕೆರೆಗೆ ನಡಿಗೆ, ನೀರಿನ ಪಾಠ. ನವೆಂಬರ್ 26ಕ್ಕೆ 17ನೇ ವಿಧಿಯನ್ನ ಮಕ್ಕಳೇ ಕಿರುನಾಟಕ ಮಾಡಲಿ.

ಯೂನಿಫಾರಂ ದುಡ್ಡಿಲ್ಲ ಅಂತ ಯಾವ ಮಗುವನ್ನೂ ವಾಪಸ್ ಕಳಿಸಬೇಡಿ. ಆಟಕ್ಕೆ ಯೂನಿಫಾರಂ ಬೇಕಿಲ್ಲ, ದೀಕ್ಷೆ ಹೊತ್ತಿಗೆ ನಾವು ನೌಕರಿಯಲ್ಲಿರೋರು ಒಬ್ಬೊಬ್ಬರು ಒಂದೊಂದು ಮಗುವಿನದು ನೋಡ್ಕೊಳ್ಳೋಣ. ದಳ ನಡೆಸೋರು ಬೇಸಿಕ್ ಕೋರ್ಸ್ ಮಾಡಿಕೊಂಡು ಬರಲಿ. ಶಾಲೆಯೇ ಆಗ್ಬೇಕು ಅಂತಿಲ್ಲ, ಓಪನ್ ದಳ ನೋಂದಾಯಿಸೋಕೆ ಅವಕಾಶ ಇದೆ. ಹೊರಗೆ ಕರ್ಕೊಂಡು ಹೋಗುವಾಗ ಪೋಷಕರ ಒಪ್ಪಿಗೆ ಪತ್ರ, ಜೊತೆಗೆ ಕನಿಷ್ಠ ಇಬ್ಬರು ದೊಡ್ಡವರು. ಇದರಲ್ಲಿ ರಾಜಿ ಇಲ್ಲ.

ಮತ್ತೆ ಪಾತ್ರೆ. ಆರೇಳು ಮಕ್ಕಳ ಒಂದೊಂದು ತಂಡ, ತಂಡದಲ್ಲಿ ಎಲ್ಲ ಕೇರಿಯವರೂ. ಅಡುಗೆ, ನೀರು, ಪಾತ್ರೆ, ಕಕ್ಕಸು ಕ್ಲೀನಿಂಗ್, ನಾಲ್ಕೂ ಕೆಲಸ ಸರದಿ ಪ್ರಕಾರ. ಚಾರ್ಟ್ ಬರೆದು ಗೋಡೆಗೆ ಅಂಟಿಸಿ. ವಾರ್ಡನ್‌ಗೆ ಕೊಟ್ಟ ಪ್ಲಾನಿನ ಮೊದಲ ಹಾಳೆಯೇ ಈ ಚಾರ್ಟ್.

ಹೋದ ಭಾನುವಾರ ಮೊದಲ ಸಭೆ ಆಯ್ತು. ಸ್ಕೌಟ್‌ಗಳು ಎಡಗೈ ಕೊಟ್ಟು ಕೈ ಕುಲುಕ್ತಾರೆ ಅಂತ ತೋರಿಸಿದೆ. ಮಕ್ಕಳು ಕಿಸಕ್ ಅಂದ್ರು. ಒಬ್ಬ ಹುಡುಗ, "ಸಾರ್, ನಾವು ಬಲಗೈಯೋರು, ಎಡಗೈ ಕೊಡಬಹುದಾ?" ಅಂದ. ಎಂಟನೇ ಕ್ಲಾಸಿನ ಮಗು. ತಮಾಷೆಗೆ ಕೇಳಿದನೋ ನಿಜಕ್ಕೂ ಕೇಳಿದನೋ ಗೊತ್ತಾಗಲಿಲ್ಲ. ಒಳಮೀಸಲಾತಿ ಜಗಳದಲ್ಲಿ ನಾವು ದೊಡ್ಡವರು ಫೇಸ್‌ಬುಕ್ಕಿನಲ್ಲಿ ಬೈದಾಡಿದ್ದು ಹಾಸ್ಟೆಲ್ ರೂಮಿಗೂ ಹೋಗಿದೆ ಅಂತ ಮಾತ್ರ ಗೊತ್ತಾಯ್ತು. "ಹೃದಯ ಇರೋ ಕಡೆ ಕೈ ಅದು, ಕೊಡಪ್ಪ" ಅಂದೆ. ಪಕ್ಕದಲ್ಲಿದ್ದವನಿಗೆ ಕೊಟ್ಟ.

ಮುಂದಿನ ಭಾನುವಾರ ಬೆಳಗ್ಗೆ 8ಕ್ಕೆ ಗಂಟಿನ ಪಾಠ. ಹಗ್ಗ ಬೇಕು. ಭಾಷಣ ಮಾಡೋರು ದಯವಿಟ್ಟು ಬರಬೇಡಿ, ಹಗ್ಗ ತರೋರು ಬನ್ನಿ.

ಜೈ ಭೀಮ್.